ರಕ್ತನಾಳ ಹಿಗ್ಗಿಸುವ ಔಷಧಿಗಳು ಮತ್ತು ಶಸ್ತ್ರಚಿಕಿತ್ಸೆಯ ವೇಳೆಯ ಶ್ವಾಸಮಾರ್ಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ತಪಾಸಣೆಗೆ ಬರುವ ರೋಗಿಗಳು, ಅವರ ಮನೆಯವರು, ನರ್ಸಿಂಗ್ ವಿದ್ಯಾರ್ಥಿಗಳು, ಅರಿವಳಿಕೆ ಕಲಿಯುತ್ತಿರುವ ಕಿರಿಯ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳುವವರು ಬೇರೆ ಬೇರೆಯಾದರೂ ಹಲವು ಪ್ರಶ್ನೆಗಳ ಹಿಂದೆ ಒಂದೇ ನಂಬಿಕೆ ಇರುತ್ತದೆ: ರಕ್ತನಾಳವನ್ನು ಸಡಿಲಿಸುವ ಔಷಧಿ ಶ್ವಾಸನಾಳವನ್ನೂ ಸಡಿಲಿಸಲೇಬೇಕು ಎಂಬುದು. ಕೆಲವು ಔಷಧಿಗಳ ಮಟ್ಟಿಗೆ ಅದು ನಿಜ. ಇನ್ನು ಕೆಲವುಗಳ ಮಟ್ಟಿಗೆ ಅಪಾಯಕಾರಿ ತಪ್ಪು. ಇಲ್ಲಿ ಬರುವ ಪ್ರಮಾಣಗಳು ವಿಷಯ ಅರ್ಥವಾಗಲೆಂದು ಕೊಟ್ಟವು; ಇದನ್ನು ಓದಿ ಯಾರೂ ತಮ್ಮ ಔಷಧಿಯನ್ನು ತಾವೇ ಬದಲಿಸಿಕೊಳ್ಳಬಾರದು.

## ಮೂಲ ಸಂಗತಿಗಳು

ರಕ್ತನಾಳ ಹಿಗ್ಗಿಸುವ ಔಷಧಿ ಎಂದರೆ ಯಾವುದು? ಬಿ.ಪಿ. ಮಾತ್ರೆಗಳೆಲ್ಲ ಅದೇ ಗುಂಪೇ?

ಅಲ್ಲ. ರಕ್ತದೊತ್ತಡವನ್ನು ಹಲವು ದಾರಿಯಲ್ಲಿ ಇಳಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ದೇಹದ ಉಪ್ಪು ನೀರನ್ನು ಹೊರಹಾಕುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಮುಖ್ಯವಾಗಿ ಹೃದಯದ ಬಡಿತವನ್ನು ತಗ್ಗಿಸುತ್ತವೆ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯುವನ್ನು ಸಡಿಲಿಸಿ ನಾಳವನ್ನು ಅಗಲಗೊಳಿಸುವವು ಮಾತ್ರ ಈ ಗುಂಪಿನವು. ಮನೆಯಲ್ಲಿ ನುಂಗುವ ಆಮ್ಲೊಡಿಪಿನ್, ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್, ಥಿಯೇಟರಿನಲ್ಲಿ ಡ್ರಿಪ್ ಮೂಲಕ ಕೊಡುವ ನೈಟ್ರೋಗ್ಲಿಸರಿನ್, ನೈಟ್ರೋಪ್ರಸೈಡ್, ನಿಕಾರ್ಡಿಪಿನ್, ಮಿಲ್ರಿನೋನ್ ಎಲ್ಲವೂ ಇದರಲ್ಲಿ ಬರುತ್ತವೆ. ರೋಗಿಯನ್ನು ಮಲಗಿಸುವ ಪ್ರೊಪೊಫಾಲ್ ಮತ್ತು ಸೆವೊಫ್ಲೂರೇನ್ ಕೂಡ ರಕ್ತನಾಳಗಳನ್ನು ಸಡಿಲಿಸುತ್ತವೆ. ಹಾಗಾಗಿ ಜನರಲ್ ಅನಸ್ತೇಸಿಯಾ ಪಡೆದ ಬಹುಪಾಲು ರೋಗಿಗಳು ಈ ಪರಿಣಾಮಕ್ಕೆ ಒಳಗಾಗಿರುತ್ತಾರೆ.

ಶ್ವಾಸನಾಳ ಮೃದ್ವಸ್ಥಿಯ ಕೊಳವೆಯಲ್ಲವೇ? ಅಲ್ಲಿ ಸ್ನಾಯು ಎಲ್ಲಿಂದ ಬಂತು?

ಕುತ್ತಿಗೆಯಲ್ಲಿ ಕೈಗೆ ಸಿಗುವ ಮುಖ್ಯ ಶ್ವಾಸನಾಳದಲ್ಲಿ 16ರಿಂದ 20 ಮೃದ್ವಸ್ಥಿಯ ಉಂಗುರಗಳಿವೆ. ಆದರೆ ಅವು ಪೂರ್ಣ ಉಂಗುರಗಳಲ್ಲ, ಬೆನ್ನ ಕಡೆ ತೆರೆದಿವೆ. ಆ ತೆರವನ್ನು ಮುಚ್ಚಿರುವುದೇ ನುಣುಪು ಸ್ನಾಯು, ಅಂದರೆ ನಮ್ಮ ಇಚ್ಛೆಗೆ ಒಳಪಡದ ಸ್ನಾಯು. ನಾಳ ಕವಲೊಡೆಯುತ್ತ ಒಳಗೆ ಹೋದಂತೆ ಮೃದ್ವಸ್ಥಿ ತುಂಡು ತುಂಡಾಗಿ ಕೊನೆಗೆ ಇಲ್ಲವಾಗುತ್ತದೆ. ಸ್ನಾಯು ಮಾತ್ರ ನಾಳಿಕೆಯನ್ನು ಸುತ್ತಿಕೊಂಡು ಮುಂದುವರಿಯುತ್ತದೆ. ಒಟ್ಟು 23ರಷ್ಟು ಕವಲುಗಳ ಮಟ್ಟಗಳಿವೆ. ಗಾಳಿಯ ಹರಿವಿಗೆ ಹೆಚ್ಚಿನ ತಡೆ ಇರುವುದು ಅತಿ ಸಣ್ಣ ನಾಳಿಕೆಗಳಲ್ಲಿ ಎಂದು ಹಲವರು ಎಣಿಸುತ್ತಾರೆ. ವಾಸ್ತವದಲ್ಲಿ ಅದು ಮಧ್ಯಮ ಗಾತ್ರದವುಗಳಲ್ಲಿದೆ, ಏಕೆಂದರೆ ಸಣ್ಣವುಗಳ ಸಂಖ್ಯೆ ಅಪಾರ. ನಯವಾಗಿ ಹರಿಯುವ ಗಾಳಿಗೆ ಕೊಳವೆಯ ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟು ಏರುತ್ತದೆ. ಸ್ನಾಯು ಸ್ವಲ್ಪವೇ ಬಿಗಿದರೂ ಉಬ್ಬಸದ ರೋಗಿ ಅಷ್ಟು ಕಷ್ಟಪಡುವುದಕ್ಕೆ ಈ ಲೆಕ್ಕವೇ ಕಾರಣ.

ಎರಡೂ ನುಣುಪು ಸ್ನಾಯುವೇ ಆಗಿದ್ದರೆ ಒಂದೇ ಔಷಧಿ ಎರಡನ್ನೂ ಸಮನಾಗಿ ಏಕೆ ಸಡಿಲಿಸುವುದಿಲ್ಲ?

ಸ್ನಾಯು ಒಂದೇ ಜಾತಿಯದಾದರೂ ಅದನ್ನು ಬಿಗಿಯುವ ಮತ್ತು ಸಡಿಲಿಸುವ ಏರ್ಪಾಡು ಎರಡು ಕಡೆ ಬೇರೆ. ರಕ್ತನಾಳವನ್ನು ಬಿಗಿಯಾಗಿ ಹಿಡಿದಿರುವುದು ಸಿಂಪಥೆಟಿಕ್ ನರಗಳು (ತುರ್ತಿಗೆ ದೇಹವನ್ನು ಸಜ್ಜುಗೊಳಿಸುವ ನರಗಳು) ಬಿಡುವ ನಾರ್‌ಅಡ್ರಿನಲಿನ್. ಶ್ವಾಸಮಾರ್ಗದಲ್ಲಿ ಆ ಕೆಲಸ ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ್ದು. ಅದು ಬಿಡುವ ಅಸಿಟೈಲ್‌ಕೊಲಿನ್ ಎಂ3 ಎಂಬ ಗ್ರಾಹಕಕ್ಕೆ (ಕೋಶದ ಮೇಲೆ ಸಂದೇಶ ಹಿಡಿಯುವ ಅಣುವಿಗೆ) ಅಂಟಿ ಸ್ನಾಯುವನ್ನು ಕುಗ್ಗಿಸುತ್ತದೆ. ಕುಗ್ಗಲು ಕ್ಯಾಲ್ಸಿಯಂ ಬೇಕು. ರಕ್ತನಾಳದ ಸ್ನಾಯು ಅದನ್ನು ಬಹುಮಟ್ಟಿಗೆ ಹೊರಗಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ, ಶ್ವಾಸಮಾರ್ಗದ ಸ್ನಾಯು ಹೆಚ್ಚಾಗಿ ತನ್ನ ಕೋಶದೊಳಗಿನ ದಾಸ್ತಾನಿನಿಂದ ತೆಗೆಯುತ್ತದೆ.

ಸಡಿಲಿಸುವ ದಾರಿಗಳೂ ಎರಡು. ಸೈಕ್ಲಿಕ್ ಜಿ.ಎಂ.ಪಿ. ಎಂಬ ಸಂದೇಶ ಅಣುವಿನ ದಾರಿಗೆ ರಕ್ತನಾಳ ಚೆನ್ನಾಗಿ ಸ್ಪಂದಿಸುತ್ತದೆ. ನೈಟ್ರೋಗ್ಲಿಸರಿನ್ ಹಿಡಿಯುವುದು ಇದನ್ನು. ಸೈಕ್ಲಿಕ್ ಎ.ಎಂ.ಪಿ. ದಾರಿಗೆ ಶ್ವಾಸಮಾರ್ಗ ಹೆಚ್ಚು ಸ್ಪಂದಿಸುತ್ತದೆ. ಉಬ್ಬಸದವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಪಫ್ ಹಿಡಿಯುವುದು ಅದನ್ನು. ಒಂದು ಔಷಧಿ ರಕ್ತನಾಳವನ್ನು ಹಿಗ್ಗಿಸುತ್ತದೆ ಎಂದು ತಿಳಿದಾಗ ಯಾವ ದಾರಿಯಿಂದ ಹಿಗ್ಗಿಸುತ್ತದೆ ಎಂದು ಕೇಳಬೇಕು. ಕೆಳಗಿನ ಬಹುತೇಕ ಉತ್ತರಗಳು ಅಲ್ಲಿಂದಲೇ ಹುಟ್ಟುತ್ತವೆ.

ಆಪರೇಷನ್ ನಡೆಯುವಾಗ ಬಿ.ಪಿ.ಯನ್ನು ಬೇಕೆಂದೇ ಇಳಿಸುತ್ತಾರಂತೆ, ಏಕೆ?

ಸೈನಸ್, ಬೆನ್ನುಮೂಳೆ, ಕಿವಿಯ ಸೂಕ್ಷ್ಮ ಶಸ್ತ್ರಚಿಕಿತ್ಸೆಗಳಲ್ಲಿ ಸ್ವಲ್ಪ ರಕ್ತ ಜಿನುಗಿದರೂ ಸರ್ಜನ್ನರ ಕಣ್ಣಿಗೆ ಏನೂ ಕಾಣದಂತಾಗುತ್ತದೆ. ಅದಕ್ಕಾಗಿ ಸರಾಸರಿ ರಕ್ತದೊತ್ತಡವನ್ನು ಆರೋಗ್ಯವಂತರಲ್ಲಿ 60ರಿಂದ 65 ಮಿ.ಮೀ. ಪಾದರಸದ ಆಸುಪಾಸಿಗೆ ತರುವುದುಂಟು. ಬಿ.ಪಿ. ರೋಗಿಗಳಲ್ಲಿ, ಮಿದುಳಿಗೆ ಅಥವಾ ಹೃದಯಕ್ಕೆ ರಕ್ತ ಕಡಿಮೆ ಹೋಗುವವರಲ್ಲಿ ಇಷ್ಟು ಇಳಿಸುವುದಿಲ್ಲ. ಇನ್ನು ಅಡ್ರಿನಲ್ ಗ್ರಂಥಿಯ ಗೆಡ್ಡೆ ತೆಗೆಯುವಾಗ, ಮಹಾಪಧಮನಿಗೆ ಕ್ಲಾಂಪ್ ಹಾಕುವಾಗ ಒತ್ತಡ ದಿಢೀರನೆ ಏರುತ್ತದೆ. ಅಲ್ಲಿ ಈ ಔಷಧಿಗಳು ಜೀವ ಉಳಿಸುವಂಥವು.

## ರೋಗಿಗಳು ಮತ್ತು ಮನೆಯವರು ಕೇಳುವುದು

ನನಗೆ ಉಬ್ಬಸ ಇದೆ, ಬಿ.ಪಿ. ಮಾತ್ರೆಯೂ ನಡೆಯುತ್ತಿದೆ. ಆಪರೇಷನ್ ದಿನ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪಫ್ ಬಿಡಬೇಡಿ. ಬೆಳಿಗ್ಗೆ ಎಂದಿನಂತೆ ತೆಗೆದುಕೊಂಡು, ಸಾಲ್ಬುಟಮಾಲ್ ಇನ್‌ಹೇಲರ್ ಅನ್ನು ಥಿಯೇಟರಿಗೆ ಹೋಗುವವರೆಗೂ ಜೊತೆಯಲ್ಲೇ ಇಟ್ಟುಕೊಳ್ಳಿ. ಸ್ಟಿರಾಯ್ಡ್ ಪಫ್ ಇದ್ದರೆ ಹಿಂದಿನ ವಾರಗಳಲ್ಲಿ ಒಂದು ದಿನವೂ ತಪ್ಪಿಸದಿರುವುದು ಆ ದಿನದ ಯಾವ ಇಂಜೆಕ್ಷನ್ನಿಗಿಂತಲೂ ದೊಡ್ಡ ರಕ್ಷಣೆ. ಆಮ್ಲೊಡಿಪಿನ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನೊಂದಿಗೆ ಮುಂದುವರಿಸಲು ಹೇಳುತ್ತಾರೆ. ಬೀಟಾ ಬ್ಲಾಕರ್ ಬಹಳ ಕಾಲದಿಂದ ನಡೆಯುತ್ತಿದ್ದರೆ ಹಠಾತ್ತನೆ ನಿಲ್ಲಿಸುವುದು ಹೃದಯಕ್ಕೆ ಅಪಾಯ. ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಬಗೆಯವುಗಳನ್ನು ಹಲವು ಕಡೆ ಆ ದಿನ ಬಿಡಿಸುತ್ತಾರೆ, ಏಕೆಂದರೆ ಅರಿವಳಿಕೆ ಕೊಟ್ಟೊಡನೆ ಒತ್ತಡ ತೀರಾ ಕುಸಿಯಬಹುದು. ಮಾತ್ರೆಗಳ ಹೆಸರು ಹೇಳುವುದಕ್ಕಿಂತ ಮಾತ್ರೆಗಳ ಸ್ಟ್ರಿಪ್ಪುಗಳನ್ನೇ ತಂದು ತೋರಿಸಿ. ಹೆಸರು ನೆನಪಿನಿಂದ ಹೇಳುವಾಗ ಒಂದೆರಡು ಬಿಟ್ಟುಹೋಗುವುದು ತೀರಾ ಸಾಮಾನ್ಯ. ಸಿಲ್ಡೆನಾಫಿಲ್ (ವಯಾಗ್ರಾ) ತೆಗೆದುಕೊಂಡಿದ್ದರೆ ಸಂಕೋಚವಿಲ್ಲದೆ ಹೇಳಬೇಕು. ಅದರ ಮೇಲೆ ನೈಟ್ರೋಗ್ಲಿಸರಿನ್ ಕೊಟ್ಟರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು.

ತಂದೆಯವರು ಎದೆನೋವಿಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುತ್ತಾರೆ. ದಮ್ಮು ಕಟ್ಟಿದಾಗಲೂ ಅದನ್ನೇ ಇಟ್ಟರೆ ಆಗುತ್ತದೆಯೇ?

ಉಬ್ಬಸದ ದಮ್ಮಿಗೆ ಅದು ಮದ್ದಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ ಬರುವ ದಮ್ಮಿಗೆ ಆ ಗುಂಪಿನ ಔಷಧಿ ನಿಜವಾಗಿ ನೆರವಾಗುತ್ತದೆ, ಆದರೆ ಅಲ್ಲಿ ಅದು ಸಡಿಲಿಸುವುದು ರಕ್ತನಾಳಗಳನ್ನು. ಹೃದಯಕ್ಕೆ ಮರಳುವ ರಕ್ತದ ಹೊರೆ ತಗ್ಗಿ ಉಸಿರು ಹಗುರಾಗುತ್ತದೆ. ಇವೆರಡು ದಮ್ಮುಗಳನ್ನು ಮನೆಯಲ್ಲಿ ಬೇರ್ಪಡಿಸುವುದು ವೈದ್ಯರಿಗೂ ಸುಲಭವಲ್ಲ. ಹೃದ್ರೋಗ ಇರುವವರಿಗೆ ಹೊಸದಾಗಿ ದಮ್ಮು ಬಂದರೆ ಆಸ್ಪತ್ರೆಗೆ ಹೊರಡಿ.

ಬಿ.ಪಿ. ಮಾತ್ರೆ ಶುರುವಾದಾಗಿನಿಂದ ಒಣಕೆಮ್ಮು. ಅರಿವಳಿಕೆ ಕೊಡುವಾಗ ಇದರಿಂದ ತೊಂದರೆಯೇ?

ರಾಮಿಪ್ರಿಲ್, ಎನಲಾಪ್ರಿಲ್ ಗುಂಪಿನವುಗಳಿಂದ ಹೀಗಾಗುತ್ತದೆ. ಬ್ರಾಡಿಕಿನಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನೂ ಈ ಮಾತ್ರೆ ತಡೆಯುತ್ತದೆ. ಉಳಿದ ಬ್ರಾಡಿಕಿನಿನ್ ಶ್ವಾಸಮಾರ್ಗದ ನರಗಳನ್ನು ಕೆರಳಿಸುತ್ತದೆ. ಇದು ಸ್ನಾಯುವಿನ ಬಿಗಿತವಲ್ಲ, ಉಬ್ಬಸವೂ ಅಲ್ಲ. ಆದರೂ ತಪಾಸಣೆಯಲ್ಲಿ ಹೇಳಿ. ತುಟಿ, ನಾಲಿಗೆ ಊದಿಕೊಂಡ ಅನುಭವ ಒಮ್ಮೆಯಾದರೂ ಆಗಿದ್ದರೆ ಅದನ್ನು ಮೊದಲು ಹೇಳಿ, ಏಕೆಂದರೆ ಆ ಊತ ಟ್ಯೂಬ್ ಹಾಕುವ ದಾರಿಯನ್ನೇ ಮುಚ್ಚಬಲ್ಲದು.

ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರೆ ಉಬ್ಬಸದವರಿಗೆ ಒಳ್ಳೆಯದಲ್ಲವೇ?

ಕೆಳಹೊಟ್ಟೆ, ಕಾಲಿನ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಾಗಿ ಹೌದು. ಗಂಟಲಿಗೆ ಟ್ಯೂಬ್ ಹೋಗುವುದಿಲ್ಲ. ಶ್ವಾಸಮಾರ್ಗವನ್ನು ಕೆರಳಿಸುವ ಅತಿ ದೊಡ್ಡ ಕಾರಣ ಆ ಟ್ಯೂಬೇ. ಸೊಂಟದ ಇಂಜೆಕ್ಷನ್ ಸಿಂಪಥೆಟಿಕ್ ನರಗಳನ್ನು ತಡೆಯುವುದರಿಂದ ರಕ್ತನಾಳಗಳು ಹಿಗ್ಗಿ ಬಿ.ಪಿ. ಇಳಿಯುತ್ತದೆ. ಹಾಗಾದರೆ ಶ್ವಾಸನಾಳ ಬಿಗಿಯುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮನುಷ್ಯನ ಶ್ವಾಸಮಾರ್ಗದ ಸ್ನಾಯುವಿಗೆ ಸಿಂಪಥೆಟಿಕ್ ನರಗಳ ನೇರ ಹಿಡಿತ ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ತೇಲಿ ಬರುವ ಅಡ್ರಿನಲಿನ್ ಅದನ್ನು ಸಡಿಲಿಸುತ್ತದೆ. ಆದ್ದರಿಂದ ಆ ಭಯ ವಾಡಿಕೆಯಲ್ಲಿ ನಿಜವಾಗುವುದು ಅಪರೂಪ.

## ಔಷಧಿಗಳ ಬಗ್ಗೆ

ನೈಟ್ರೋಗ್ಲಿಸರಿನ್ ಶ್ವಾಸನಾಳವನ್ನು ಸಡಿಲಿಸುತ್ತದೆಯೇ, ಇಲ್ಲವೇ? ಒಂದೊಂದು ಕಡೆ ಒಂದೊಂದು ಓದುತ್ತೇನೆ.

ಎರಡೂ ಓದಲು ಸಿಗುವುದು ಸಹಜ. 1847ರಲ್ಲಿ ಇಟಲಿಯ ಅಸ್ಕಾನಿಯೊ ಸೊಬ್ರೆರೊ ಇದನ್ನು ತಯಾರಿಸಿದರು. 1879ರಲ್ಲಿ ಲಂಡನ್ನಿನ ವಿಲಿಯಂ ಮರ್ರೆಲ್ ಎದೆನೋವಿಗೆ ಇದರ ಬಳಕೆಯನ್ನು ಪ್ರಕಟಿಸಿದರು. ದೇಹದಲ್ಲಿ ಇದರಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ಸೈಕ್ಲಿಕ್ ಜಿ.ಎಂ.ಪಿ. ಏರುತ್ತದೆ ಎಂಬುದು ತಿಳಿಯಲು ಸುಮಾರು ಒಂದು ಶತಮಾನ ಬೇಕಾಯಿತು. ಈ ಸಡಿಲಿಕೆ ರಕ್ತನಾಳಕ್ಕೆ ಸೀಮಿತವಲ್ಲ. ಗರ್ಭಕೋಶದಲ್ಲಿ ಸಿಕ್ಕಿಕೊಂಡ ಮಾಸನ್ನು ತೆಗೆಯಲು ಗರ್ಭಕೋಶವನ್ನು ಸಡಿಲಿಸಬೇಕಾದಾಗ ಇದೇ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಪ್ರಯೋಗಾಲಯದಲ್ಲಿ ದ್ರಾವಣದೊಳಗೆ ತೂಗುಹಾಕಿದ ಶ್ವಾಸನಾಳದ ತುಣುಕೂ ಇದರಿಂದ ಸಡಿಲಗೊಳ್ಳುತ್ತದೆ.

ಆದರೆ ಆ ತುಣುಕಿಗೆ ರಕ್ತದೊತ್ತಡ ಎಂಬುದಿಲ್ಲ, ಬೇಕಾದಷ್ಟು ಸುರಿಯಬಹುದು. ರೋಗಿಯಲ್ಲಿ ಡ್ರಿಪ್ ನಿಮಿಷಕ್ಕೆ 5 ಮೈಕ್ರೋಗ್ರಾಂನಿಂದ ಆರಂಭವಾಗಿ ಒತ್ತಡ ನೋಡಿಕೊಂಡು ಏರುತ್ತದೆ. ಶ್ವಾಸಮಾರ್ಗ ಗಣನೀಯವಾಗಿ ಸಡಿಲಗೊಳ್ಳುವಷ್ಟು ಸಾಂದ್ರತೆ ತಲುಪುವ ಮೊದಲೇ ಬಿ.ಪಿ. ಕೆಳಗೆ ಬಂದಿರುತ್ತದೆ. ಹಾಗಾಗಿ ನನ್ನ ಉತ್ತರ ಹೀಗೆ: ಸ್ನಾಯುವಿನ ಮೇಲೆ ಪರಿಣಾಮ ಇದೆ, ಅದು ಒಳ್ಳೆಯ ದಿಕ್ಕಿನಲ್ಲೇ ಇದೆ, ಉಬ್ಬಸದ ರೋಗಿಗೆ ಕೊಡಲು ಹೆದರಬೇಕಿಲ್ಲ, ಆದರೆ ಬಿಗಿದ ಶ್ವಾಸನಾಳವನ್ನು ಬಿಡಿಸಲು ಇದನ್ನು ನೆಚ್ಚಬಾರದು.

ನೈಟ್ರೋಪ್ರಸೈಡ್‌ಗೆ ಹಾಳೆ ಸುತ್ತಿ ಇಡುತ್ತಾರಲ್ಲ, ಅದೂ ಇದೇ ಜಾತಿಯೇ?

ಅದೂ ನೈಟ್ರಿಕ್ ಆಕ್ಸೈಡ್ ಬಿಡುವುದೇ, ಶ್ವಾಸಮಾರ್ಗದ ಮೇಲಿನ ಪರಿಣಾಮವೂ ಹೆಚ್ಚುಕಡಿಮೆ ಅದೇ. ಬೆಳಕಿಗೆ ಒಡೆದುಹೋಗುವುದರಿಂದ ಅಲ್ಯೂಮಿನಿಯಂ ಹಾಳೆ ಸುತ್ತುತ್ತಾರೆ. ಇದರ ಅಣುವಿನಲ್ಲಿ ಸೈನೈಡ್ ಇದೆ. ಗರಿಷ್ಠ ಪ್ರಮಾಣವಾದ ಕೆ.ಜಿ.ಗೆ ನಿಮಿಷಕ್ಕೆ 10 ಮೈಕ್ರೋಗ್ರಾಂ ಅನ್ನು 10 ನಿಮಿಷಕ್ಕಿಂತ ಹೆಚ್ಚು ಹೊತ್ತು ಕೊಡಬಾರದು ಎಂಬ ಎಚ್ಚರಿಕೆ ಅದಕ್ಕಾಗಿಯೇ.

ಕ್ಯಾಲ್ಸಿಯಂ ತಡೆಯುವ ಔಷಧಿ ಸ್ನಾಯುವನ್ನು ಸಡಿಲಿಸಬೇಕಲ್ಲವೇ? ನಿಕಾರ್ಡಿಪಿನ್ ಉಬ್ಬಸಕ್ಕೆ ಏಕೆ ಔಷಧಿಯಾಗಲಿಲ್ಲ?

ನಿಕಾರ್ಡಿಪಿನ್, ನಿಫೆಡಿಪಿನ್, ಡಿಲ್ಟಿಯಾಜೆಮ್ ಮುಚ್ಚುವುದು ಕೋಶದ ಹೊರಪೊರೆಯಲ್ಲಿರುವ ಎಲ್ ಮಾದರಿಯ ಬಾಗಿಲನ್ನು. ಒಳದಾಸ್ತಾನಿನ ಕ್ಯಾಲ್ಸಿಯಂನಿಂದ ಕುಗ್ಗುವ ಶ್ವಾಸಮಾರ್ಗಕ್ಕೆ ಆ ಬಾಗಿಲು ಮುಚ್ಚಿದರೂ ದೊಡ್ಡ ವ್ಯತ್ಯಾಸವಾಗದು. ಪರಿಣಾಮ ಅಲ್ಪ, ಹಾನಿ ಇಲ್ಲ. ಉಬ್ಬಸದ ರೋಗಿಯ ಬಿ.ಪಿ.ಯನ್ನು ಥಿಯೇಟರಿನಲ್ಲಿ ಇಳಿಸಬೇಕಾದಾಗ ನಾನು ಮೊದಲು ಯೋಚಿಸುವ ಗುಂಪು ಇದು.

ಮೆಗ್ನೀಸಿಯಂ ಎರಡೂ ಕಡೆ ಕೆಲಸ ಮಾಡುತ್ತದೆ ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಈ ಪಟ್ಟಿಯಲ್ಲಿ ಅದಕ್ಕೆ ವಿಶೇಷ ಸ್ಥಾನವಿದೆ. ಕ್ಯಾಲ್ಸಿಯಂಗೆ ಎದುರಾಳಿಯಾಗಿ ನಿಂತು ರಕ್ತನಾಳ, ಶ್ವಾಸಮಾರ್ಗ ಎರಡನ್ನೂ ಸಡಿಲಿಸುತ್ತದೆ. ತೀವ್ರ ಉಬ್ಬಸದಲ್ಲಿ ವಯಸ್ಕರಿಗೆ 2 ಗ್ರಾಂ ಅನ್ನು 20 ನಿಮಿಷಗಳಲ್ಲಿ ಅಭಿಧಮನಿಗೆ ಕೊಡುವುದು ರೂಢಿಯಲ್ಲಿದೆ. ಗರ್ಭಿಣಿಯರಿಗೆ ಬಿ.ಪಿ. ಏರಿ ಬರುವ ಗರ್ಭನಂಜಿನಲ್ಲಿ ಫಿಟ್ಸ್ ತಡೆಯುವುದಕ್ಕೂ ಇದೇ. ಸ್ನಾಯು ನಿಷ್ಕ್ರಿಯಗೊಳಿಸುವ ಇಂಜೆಕ್ಷನ್ನುಗಳ ಪರಿಣಾಮವನ್ನು ಇದು ಉದ್ದ ಮಾಡುತ್ತದೆ ಎಂಬುದನ್ನು ಮರೆತರೆ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ರೋಗಿ ಉಸಿರೆಳೆಯಲು ತಡಬಡಿಸುತ್ತಾರೆ.

ಲ್ಯಾಬೆಟಲಾಲ್ ರಕ್ತನಾಳ ಹಿಗ್ಗಿಸುತ್ತದೆ. ಉಬ್ಬಸದವರಿಗೆ ಏಕೆ ಬೇಡ ಎನ್ನುತ್ತೀರಿ?

ಅಡ್ರಿನಲಿನ್ ಜಾತಿಯ ವಸ್ತುಗಳು ಅಂಟುವ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ. ಆಲ್ಫಾ ಗ್ರಾಹಕವನ್ನು ತಡೆದು ರಕ್ತನಾಳ ಹಿಗ್ಗಿಸುವುದು ಅದರ ಸಣ್ಣ ಭಾಗ. ಅಭಿಧಮನಿಗೆ ಕೊಟ್ಟಾಗ ಬೀಟಾ ತಡೆಯ ಬಲ ಆಲ್ಫಾ ತಡೆಯ ಸುಮಾರು 7 ಪಟ್ಟು. ಅದು ಹೃದಯದ ಬೀಟಾ 1 ಜೊತೆಗೆ ಬೀಟಾ 2 ಅನ್ನೂ ಮುಚ್ಚುತ್ತದೆ, ಮತ್ತು ಶ್ವಾಸನಾಳವನ್ನು ತೆರೆದಿಡುವುದು ಬೀಟಾ 2. ರಕ್ತನಾಳ ಹಿಗ್ಗುತ್ತಿರುವಾಗಲೇ ಶ್ವಾಸಮಾರ್ಗ ಬಿಗಿಯಬಹುದು, ಅಷ್ಟೇ ಅಲ್ಲ, ಆಮೇಲೆ ಕೊಡುವ ಸಾಲ್ಬುಟಮಾಲ್ ಪಫ್ ಕೂಡ ಸರಿಯಾಗಿ ಕೆಲಸ ಮಾಡದು. ಹೃದಯದ ಬಡಿತ ಇಳಿಸಲೇಬೇಕಾದರೆ ಬೀಟಾ 1ಕ್ಕೆ ಒಲವಿರುವ, ಅರ್ಧಾಯುಷ್ಯ ಸುಮಾರು 9 ನಿಮಿಷವಷ್ಟೇ ಇರುವ ಎಸ್ಮೊಲಾಲ್ ಮೇಲು. ತೊಂದರೆಯಾದರೆ ಬೇಗ ಇಳಿದುಹೋಗುತ್ತದೆ.

ಅರಿವಳಿಕೆಯ ಅನಿಲವೇ ಶ್ವಾಸನಾಳ ತೆರೆಯುತ್ತದೆ ಎಂದರು. ಎಲ್ಲ ಅನಿಲವೂ ಒಂದೇ ರೀತಿಯೇ?

ಸೆವೊಫ್ಲೂರೇನ್, ಐಸೊಫ್ಲೂರೇನ್, ಹಳೆಯ ಹಾಲೊಥೇನ್ ಮೂರೂ ಶ್ವಾಸಮಾರ್ಗದ ಸ್ನಾಯುವನ್ನು ನೇರವಾಗಿ ಸಡಿಲಿಸುತ್ತವೆ, ವೇಗಸ್ ನರದ ಪ್ರತಿಕ್ರಿಯೆಯನ್ನೂ ಮಂಕಾಗಿಸುತ್ತವೆ. ಸೆವೊಫ್ಲೂರೇನ್‌ಗೆ ಘಾಟಿಲ್ಲದ ಕಾರಣ ಮಕ್ಕಳನ್ನು ಮಲಗಿಸಲು ಅದನ್ನೇ ಬಳಸುತ್ತಾರೆ. ಡೆಸ್‌ಫ್ಲೂರೇನ್ ಬೇರೆಯೇ. ಅದರ ಘಾಟು ಶ್ವಾಸಮಾರ್ಗವನ್ನು ಕೆರಳಿಸುತ್ತದೆ. ಹೆಚ್ಚಿನ ಸಾಂದ್ರತೆಯಲ್ಲಿ, ಅದರಲ್ಲೂ ಧೂಮಪಾನಿಗಳಲ್ಲಿ, ಗಾಳಿಯ ತಡೆ ಏರುತ್ತದೆ. ಅದೂ ರಕ್ತನಾಳಗಳನ್ನು ಚೆನ್ನಾಗಿಯೇ ಹಿಗ್ಗಿಸುತ್ತದೆ. ಅಭಿಧಮನಿಗೆ ಕೊಡುವವುಗಳಲ್ಲಿ ಪ್ರೊಪೊಫಾಲ್ ಮತ್ತು ಕೆಟಮಿನ್ ಉಬ್ಬಸದ ರೋಗಿಗೆ ಸ್ನೇಹಪರ. ಕೆಟಮಿನ್ ಬಿ.ಪಿ.ಯನ್ನು ಇಳಿಸುವ ಬದಲು ಸಾಮಾನ್ಯವಾಗಿ ಏರಿಸುತ್ತದೆ, ಆದರೂ ಶ್ವಾಸನಾಳವನ್ನು ತೆರೆಯುತ್ತದೆ.

ಹೃದಯದ ಅತಿ ವೇಗದ ಓಟವನ್ನು ತಡೆಯಲು ಕೊಡುವ ಅಡೆನೊಸಿನ್ ಬಗ್ಗೆ ಏಕೆ ಅಷ್ಟು ಎಚ್ಚರಿಕೆ?

ಅಡೆನೊಸಿನ್ ಬಲವಾದ ರಕ್ತನಾಳ ಹಿಗ್ಗಿಸುವ ವಸ್ತು. ಅದೇ ಅಡೆನೊಸಿನ್ ಉಬ್ಬಸದ ರೋಗಿಯ ಶ್ವಾಸಮಾರ್ಗವನ್ನು ಬಿಗಿಯುತ್ತದೆ; ಅಲ್ಲಿನ ಮಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಪಾಲ್ಗೊಳ್ಳುವ ಕೋಶಗಳು) ಹಿಸ್ಟಮಿನ್ ಮುಂತಾದವನ್ನು ಉಗುಳುವುದು ಇದಕ್ಕೆ ಮುಖ್ಯ ಕಾರಣ. ಸಾಮಾನ್ಯವಾಗಿ 6 ಮಿ.ಗ್ರಾಂ. ವೇಗವಾಗಿ ಕೊಡುವ ಈ ಇಂಜೆಕ್ಷನ್ನಿನ ಹೃದಯದ ಪರಿಣಾಮ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಶ್ವಾಸಮಾರ್ಗದ ಬಿಗಿತ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ದೇಹದ ಅಡೆನೊಸಿನ್ ಏರಿಸುವ ಡೈಪಿರಿಡಮೋಲ್‌ಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಪ್ರೊಸ್ಟಗ್ಲಾಂಡಿನ್ ಕೊಡಬಹುದೇ, ಕೊಡಬಾರದೇ?

ಪ್ರೊಸ್ಟಗ್ಲಾಂಡಿನ್ ಎಂಬುದು ದೇಹವೂ ತಯಾರಿಸುವ, ಹಲವು ಬಗೆಗಳುಳ್ಳ ವಸ್ತುಗಳ ಗುಂಪು. ಯಾವ ಬಗೆಯದು ಎಂದು ಕೇಳದೆ ಉತ್ತರ ಹೇಳಲಾಗದು. ಇ ಗುಂಪಿನವು ಮತ್ತು ಪ್ರೊಸ್ಟಸೈಕ್ಲಿನ್ ರಕ್ತನಾಳ ಹಿಗ್ಗಿಸುತ್ತವೆ, ಶ್ವಾಸನಾಳಕ್ಕೆ ಸಾಮಾನ್ಯವಾಗಿ ಕೆಡುಕಿಲ್ಲ. ಜನ್ಮಜಾತ ಹೃದ್ರೋಗದ ಶಿಶುಗಳಿಗೆ ಕೊಡುವ ಇ1 ಮಾತ್ರ ಉಸಿರಾಟವನ್ನೇ ನಿಲ್ಲಿಸಬಹುದು, ಆದರೆ ಅದು ಸ್ನಾಯುವಿನ ಬಿಗಿತದಿಂದಲ್ಲ. ಎಫ್2 ಆಲ್ಫಾ ಗುಂಪಿನ ಕಾರ್ಬೊಪ್ರೊಸ್ಟ್ ಶ್ವಾಸನಾಳವನ್ನು ಬಲವಾಗಿ ಬಿಗಿಯುತ್ತದೆ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದಾಗ 250 ಮೈಕ್ರೋಗ್ರಾಂ ಸ್ನಾಯುವಿಗೆ ಚುಚ್ಚುವ ಔಷಧಿ ಇದೇ. ತಾಯಿಗೆ ಉಬ್ಬಸ ಇದೆ ಎಂಬ ಮಾತು ಹೆರಿಗೆ ಕೋಣೆಯಲ್ಲಿದ್ದ ಎಲ್ಲರಿಗೂ ಮೊದಲೇ ತಿಳಿದಿರಬೇಕು. ರಕ್ತ ಹರಿಯುತ್ತಿರುವ ಗಡಿಬಿಡಿಯಲ್ಲಿ ಯಾರಿಗೂ ಅದು ನೆನಪಾಗುವುದಿಲ್ಲ.

## ಥಿಯೇಟರಿನಲ್ಲಿ

ನೈಟ್ರೋಗ್ಲಿಸರಿನ್ ಡ್ರಿಪ್ ಶುರು ಮಾಡಿದ ಮೇಲೆ ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಮಟ್ಟ) ಇಳಿಯಿತು. ಶ್ವಾಸನಾಳ ಬಿಗಿದಿರಬಹುದೇ?

ಕಿರಿಯ ವೈದ್ಯರಿಂದ ನಾನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಇಡೀ ವಿಷಯದ ತಿರುಳೂ ಇಲ್ಲೇ ಇದೆ. ಬಹುಪಾಲು ಸಂದರ್ಭಗಳಲ್ಲಿ ಶ್ವಾಸನಾಳಕ್ಕೆ ಏನೂ ಆಗಿರುವುದಿಲ್ಲ.

ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಸರಿಯಾಗಿ ಹೋಗುತ್ತಿಲ್ಲವೋ ಅಲ್ಲಿನ ರಕ್ತನಾಳಗಳು ತಾವಾಗಿಯೇ ಬಿಗಿದು, ರಕ್ತವನ್ನು ಗಾಳಿ ಇರುವ ಕಡೆಗೆ ತಿರುಗಿಸುತ್ತವೆ. ಬೆಳೆಯಿಲ್ಲದ ಗದ್ದೆಗೆ ನೀರು ಪೋಲಾಗದಂತೆ ರೈತ ತೂಬು ಮುಚ್ಚುವ ಹಾಗೆ. ದೇಹದ ಬೇರೆ ಕಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳ ಹಿಗ್ಗುತ್ತದೆ, ಶ್ವಾಸಕೋಶದಲ್ಲಿ ಮಾತ್ರ ಇದರ ತದ್ವಿರುದ್ಧ. ಸ್ವೀಡನ್ನಿನ ವಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿಕೊಟ್ಟರು. ನೈಟ್ರೋಗ್ಲಿಸರಿನ್, ನೈಟ್ರೋಪ್ರಸೈಡ್, ನಿಕಾರ್ಡಿಪಿನ್ ರಕ್ತದ ಮೂಲಕ ಎಲ್ಲ ಕಡೆ ಹೋಗಿ ಈ ಬಿಗಿತವನ್ನು ಬಿಡಿಸಿಬಿಡುತ್ತವೆ. ಗಾಳಿಯಿಲ್ಲದ ಭಾಗದಲ್ಲೂ ರಕ್ತ ಹರಿದು, ಆಮ್ಲಜನಕ ಸಿಗದೆಯೇ ಹೃದಯಕ್ಕೆ ಮರಳುತ್ತದೆ. ಅರಿವಳಿಕೆಯಲ್ಲಿ ಮಲಗಿದವರ ಶ್ವಾಸಕೋಶದ ತಳಭಾಗ ಹೇಗೂ ಕುಸಿದಿರುತ್ತದೆ. ಸ್ಥೂಲಕಾಯದವರಲ್ಲಿ, ಧೂಮಪಾನಿಗಳಲ್ಲಿ ಇನ್ನೂ ಹೆಚ್ಚು.

ಬೇರ್ಪಡಿಸುವುದು ಹೇಗೆ? ವೆಂಟಿಲೇಟರಿನ ಒತ್ತಡ ನೋಡಿ. ಸ್ಯಾಚುರೇಷನ್ ಇಳಿದಿದ್ದರೂ ಒತ್ತಡ ಮೊದಲಿನಷ್ಟೇ ಇದ್ದು, ಎದೆಯಲ್ಲಿ ಸುಯ್ಯೆನ್ನುವ ಶಬ್ದವಿಲ್ಲದಿದ್ದರೆ, ಹೊರಬಿಟ್ಟ ಉಸಿರಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಮಾನಿಟರಿನಲ್ಲಿ ತೋರಿಸುವ ರೇಖೆಯ ಆಕಾರ ಕೆಡದಿದ್ದರೆ ಕಾರಣ ರಕ್ತನಾಳದಲ್ಲಿದೆ. ಆಗ ಪಫ್ ಕೊಟ್ಟು ಪ್ರಯೋಜನವಿಲ್ಲ. ಆಮ್ಲಜನಕ ಹೆಚ್ಚಿಸಿ, ಶ್ವಾಸಕೋಶವನ್ನು ನಿಧಾನವಾಗಿ ಅರಳಿಸಿ, ಪೀಪ್ (ಉಸಿರು ಹೊರಹೋದ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಕೊಡಿ, ಸಾಧ್ಯವಾದರೆ ಡ್ರಿಪ್ ಕಡಿಮೆ ಮಾಡಿ.

ನಿಜವಾಗಿ ಬ್ರಾಂಕೋಸ್ಪಾಸಂ, ಅಂದರೆ ಶ್ವಾಸನಾಳದ ಬಿಗಿತ, ಆದರೆ ಹೇಗೆ ಗೊತ್ತಾಗುತ್ತದೆ?

ಗಾಳಿ ಒಳಹೋಗುವಾಗಿನ ಗರಿಷ್ಠ ಒತ್ತಡ ಏರುತ್ತದೆ, ಆದರೆ ಉಸಿರನ್ನು ಒಂದು ಕ್ಷಣ ಹಿಡಿದಾಗಿನ ಸ್ಥಿರ ಒತ್ತಡ ಅಷ್ಟಾಗಿ ಏರುವುದಿಲ್ಲ. ಇಂಗಾಲದ ಡೈಆಕ್ಸೈಡ್ ರೇಖೆ ಚೌಕಾಕಾರ ಕಳೆದುಕೊಂಡು ಓರೆಯಾಗಿ ಏರುತ್ತದೆ. ಶಾರ್ಕ್ ರೆಕ್ಕೆ ಎಂದು ಥಿಯೇಟರಿನಲ್ಲಿ ಕರೆಯುವುದು ಇದನ್ನೇ. ಸುಯ್ಯೆನ್ನುವ ಶಬ್ದ ಕೇಳಿಸಬಹುದು. ಬಿಗಿತ ತೀರಾ ಹೆಚ್ಚಾದರೆ ಗಾಳಿಯೇ ಚಲಿಸದೆ ಎದೆ ಮೌನವಾಗುತ್ತದೆ, ಅದು ಇನ್ನೂ ಕೆಟ್ಟ ಸೂಚನೆ. ಔಷಧಿಯ ಮೇಲೆ ಗುಮಾನಿ ಪಡುವ ಮುಂಚೆ ಟ್ಯೂಬ್ ಮಡಚಿದೆಯೇ, ಕಫ ಕಟ್ಟಿದೆಯೇ, ಒಂದೇ ಶ್ವಾಸಕೋಶಕ್ಕೆ ಜಾರಿದೆಯೇ, ಎದೆಗೂಡಿನಲ್ಲಿ ಗಾಳಿ ತುಂಬಿದೆಯೇ, ಅರಿವಳಿಕೆ ಹಗುರವಾಗಿದೆಯೇ ನೋಡಬೇಕು. ಕೊನೆಯದೇ ಅತಿ ಸಾಮಾನ್ಯ ಕಾರಣಗಳಲ್ಲೊಂದು.

ಬಿಗಿತ ಖಚಿತವಾದರೆ ಶುದ್ಧ ಆಮ್ಲಜನಕ, ಸೆವೊಫ್ಲೂರೇನ್ ಹೆಚ್ಚಿಸಿ ಅರಿವಳಿಕೆ ಆಳಗೊಳಿಸುವುದು, ಟ್ಯೂಬಿನ ಮೂಲಕ ಸಾಲ್ಬುಟಮಾಲ್. ಪಫ್‌ನ ದೊಡ್ಡ ಪಾಲು ಟ್ಯೂಬಿನ ಗೋಡೆಗೇ ಅಂಟುವುದರಿಂದ ಮನೆಯಲ್ಲಿ ಕೊಡುವ ಎರಡು ಪಫ್ ಇಲ್ಲಿ ಸಾಲದು. ಉಸಿರು ಹೊರಹೋಗಲು ಹೆಚ್ಚು ಸಮಯ ಕೊಡಬೇಕು.

ಶ್ವಾಸನಾಳ ಬಿಗಿದು ಬಿ.ಪಿ.ಯೂ ಒಟ್ಟಿಗೆ ಕುಸಿದರೆ?

ಅಲರ್ಜಿಯ ತೀವ್ರ ಆಘಾತ, ಅಂದರೆ ಅನಾಫಿಲಾಕ್ಸಿಸ್ ಎಂದು ತಿಳಿದು ಮುಂದುವರಿಯಿರಿ. ಅಲ್ಲಿ ಮಾಸ್ಟ್ ಕೋಶಗಳಿಂದ ಸುರಿಯುವ ಹಿಸ್ಟಮಿನ್ ಮತ್ತದರ ಸಂಗಾತಿಗಳು ರಕ್ತನಾಳಗಳನ್ನು ಹಿಗ್ಗಿಸುತ್ತ ಶ್ವಾಸನಾಳವನ್ನು ಕುಗ್ಗಿಸುತ್ತವೆ. ಇದಕ್ಕೆ ಮದ್ದು ಅಡ್ರಿನಲಿನ್: ಆಲ್ಫಾ ದಾರಿಯಿಂದ ರಕ್ತನಾಳ ಬಿಗಿಯುತ್ತದೆ, ಬೀಟಾ 2 ದಾರಿಯಿಂದ ಶ್ವಾಸನಾಳ ತೆರೆಯುತ್ತದೆ, ಮಾಸ್ಟ್ ಕೋಶಗಳನ್ನೂ ತಣಿಸುತ್ತದೆ. ಮಾನಿಟರ್ ಇರುವ ವಯಸ್ಕ ರೋಗಿಗೆ ಅಭಿಧಮನಿಯ ಮೂಲಕ ಸಣ್ಣ ಸಣ್ಣ ಪ್ರಮಾಣದಲ್ಲಿ, ಸುಮಾರು 10ರಿಂದ 50 ಮೈಕ್ರೋಗ್ರಾಂ, ಮತ್ತೆ ಮತ್ತೆ ಕೊಡುತ್ತಾರೆ. ಅಭಿಧಮನಿ ಸಿಗದಿದ್ದರೆ 0.5 ಮಿ.ಗ್ರಾಂ. ತೊಡೆಯ ಸ್ನಾಯುವಿಗೆ. ಆಂಟಿಹಿಸ್ಟಮಿನ್ ಮತ್ತು ಸ್ಟಿರಾಯ್ಡ್ ಕೊಟ್ಟು ಕಾಯುತ್ತ ಕೂರಬಾರದು. ಮಾರ್ಫಿನ್, ಅಟ್ರಾಕ್ಯೂರಿಯಂ ಅಲರ್ಜಿ ಇಲ್ಲದೆಯೂ ಸ್ವಲ್ಪ ಹಿಸ್ಟಮಿನ್ ಬಿಡಿಸುತ್ತವೆ. ಉಬ್ಬಸದವರಲ್ಲಿ ಫೆಂಟನಿಲ್, ವೆಕ್ಯೂರೋನಿಯಂ ಬಳಸಿದರೆ ಆ ಚಿಂತೆ ತಪ್ಪುತ್ತದೆ.

ಸಾಲ್ಬುಟಮಾಲ್ ಕೊಟ್ಟ ಮೇಲೆ ಶಬ್ದ ಕಡಿಮೆಯಾಯಿತು, ಆದರೆ ಸ್ಯಾಚುರೇಷನ್ ಇನ್ನೂ ಸ್ವಲ್ಪ ಇಳಿಯಿತು. ತಪ್ಪಾಯಿತೇ?

ಇಲ್ಲ. ಸಾಲ್ಬುಟಮಾಲ್ ರಕ್ತನಾಳವನ್ನೂ ಹಿಗ್ಗಿಸುತ್ತದೆ. ಇನ್ನೂ ತೆರೆಯದ ಭಾಗಗಳಿಗೆ ರಕ್ತ ಮೊದಲು ಹರಿದು ಆಮ್ಲಜನಕ ತಾತ್ಕಾಲಿಕವಾಗಿ ಇಳಿಯಬಹುದು. ಆಮ್ಲಜನಕ ಹೆಚ್ಚಿಸಿ ಕಾದರೆ ಸರಿಹೋಗುತ್ತದೆ. ಪೊಟ್ಯಾಸಿಯಂ ಇಳಿಕೆಯ ಮೇಲೂ ಕಣ್ಣಿರಲಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಂದೇ ಶ್ವಾಸಕೋಶದಲ್ಲಿ ಉಸಿರಾಡಿಸುವಾಗ ಈ ಔಷಧಿಗಳನ್ನು ಪೂರ್ತಿ ಬಿಡಬೇಕೇ?

ಶ್ವಾಸಕೋಶ ಅಥವಾ ಅನ್ನನಾಳದ ಶಸ್ತ್ರಚಿಕಿತ್ಸೆಯಲ್ಲಿ ಒಂದು ಕಡೆಯನ್ನು ಪೂರ್ತಿ ಕುಸಿಯಲು ಬಿಡುತ್ತಾರೆ. ಕುಸಿದ ಬದಿಯ ರಕ್ತನಾಳ ಬಿಗಿಯದೇ ಹೋದರೆ ಹೃದಯದಿಂದ ಬರುವ ರಕ್ತದ 40ರಿಂದ 50 ಶೇಕಡಾ ಗಾಳಿ ಕಾಣದೆ ಹಾದುಹೋಗುತ್ತಿತ್ತು. ಆ ಬಿಗಿತದಿಂದ ಅದು 20ರಿಂದ 30 ಶೇಕಡಾಕ್ಕೆ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ನೈಟ್ರೋಪ್ರಸೈಡ್ ಡ್ರಿಪ್ ದುಬಾರಿ. ಒತ್ತಡ ಏರಿದ್ದರೆ ಮೊದಲು ನೋವು ಸಾಕಷ್ಟು ನಿವಾರಣೆಯಾಗಿದೆಯೇ, ಅರಿವಳಿಕೆ ಸಾಕಷ್ಟು ಆಳವಾಗಿದೆಯೇ ನೋಡಿ. ಪೂರ್ತಿ ನಿಷೇಧ ಎನ್ನಲಾರೆ. ಹೃದಯಕ್ಕೆ ರಕ್ತದ ಕೊರತೆ ಕಾಣಿಸಿದರೆ ನೈಟ್ರೋಗ್ಲಿಸರಿನ್ ಬೇಕೇ ಬೇಕು.

ಹಾಗಾದರೆ ಉಸಿರಿನಲ್ಲಿ ಕೊಡುವ ನೈಟ್ರಿಕ್ ಆಕ್ಸೈಡ್ ಸ್ಯಾಚುರೇಷನ್ ಏರಿಸುವುದು ಹೇಗೆ?

ಅದು ಗಾಳಿಯ ದಾರಿಯಲ್ಲಿ ಬರುತ್ತದೆ. ಗಾಳಿ ತಲುಪುವ ಭಾಗದ ರಕ್ತನಾಳ ಮಾತ್ರ ಹಿಗ್ಗುತ್ತದೆ, ಗಾಳಿಯಿಲ್ಲದ ಕಡೆ ಬಿಗಿತ ಉಳಿಯುತ್ತದೆ. ರಕ್ತ ಸೇರಿದೊಡನೆ ಹಿಮೊಗ್ಲೋಬಿನ್ ಅದನ್ನು ಹಿಡಿದುಬಿಡುವುದರಿಂದ ದೇಹದ ಬಿ.ಪಿ. ಇಳಿಯುವುದಿಲ್ಲ. ನವಜಾತ ಶಿಶುಗಳಿಗೆ ಸಾಮಾನ್ಯವಾಗಿ ದಶಲಕ್ಷದಲ್ಲಿ 20 ಭಾಗ ಕೊಡುತ್ತಾರೆ. ಅಮೆರಿಕದಲ್ಲಿ ಈ ಬಳಕೆಗೆ 1999ರಲ್ಲಿ ಅನುಮತಿ ಸಿಕ್ಕಿತು. ಶ್ವಾಸಮಾರ್ಗವನ್ನು ಅದು ಸಡಿಲಿಸುವುದು ಅಲ್ಪವೇ, ನೇರವಾಗಿ ಒಳಗೆ ಹೋದರೂ. ಮೆಟ್‌ಹಿಮೊಗ್ಲೋಬಿನ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಮಟ್ಟಗಳನ್ನು ಗಮನಿಸುತ್ತಿರಬೇಕು. ಎರಡನೆಯದು ಶ್ವಾಸಮಾರ್ಗವನ್ನು ಕೆರಳಿಸುವ ಅನಿಲ.

ಅಸಿಟೈಲ್‌ಕೊಲಿನ್ ರಕ್ತನಾಳ ಹಿಗ್ಗಿಸುತ್ತದೆ, ಶ್ವಾಸನಾಳ ಕುಗ್ಗಿಸುತ್ತದೆ, ಎರಡೂ ಎಂ3 ಗ್ರಾಹಕದಿಂದಲೇ. ಇದು ಹೇಗೆ ಸಾಧ್ಯ?

ಗ್ರಾಹಕ ಯಾವ ಕೋಶದ ಮೇಲೆ ಕುಳಿತಿದೆ ಎಂಬುದರಲ್ಲಿದೆ ಉತ್ತರ. ರಕ್ತನಾಳದಲ್ಲಿ ಅದು ಒಳಪದರದ ಮೇಲಿದೆ. ಅಲ್ಲಿ ಏರಿದ ಕ್ಯಾಲ್ಸಿಯಂ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಅದು ಪಕ್ಕದ ಸ್ನಾಯುವನ್ನು ಸಡಿಲಿಸುತ್ತದೆ. ಶ್ವಾಸಮಾರ್ಗದಲ್ಲಿ ಅದು ಸ್ನಾಯುವಿನ ಮೇಲೆಯೇ ಇದೆ. ಏರಿದ ಕ್ಯಾಲ್ಸಿಯಂ ನೇರವಾಗಿ ಕುಗ್ಗಿಸುತ್ತದೆ. ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ಮಹಾಪಧಮನಿಯ ಒಳಪದರವನ್ನು ಉಜ್ಜಿ ತೆಗೆದಾಗ ಅಸಿಟೈಲ್‌ಕೊಲಿನ್ ಅದನ್ನು ಹಿಗ್ಗಿಸುವ ಬದಲು ಕುಗ್ಗಿಸಿತು. ಆ ಜಾಡು ನೈಟ್ರಿಕ್ ಆಕ್ಸೈಡ್‌ವರೆಗೆ ಸಾಗಿ 1998ರಲ್ಲಿ ಅವರಿಗೆ ಇಗ್ನಾರೊ ಮತ್ತು ಮುರಾದ್ ಜೊತೆ ನೊಬೆಲ್ ತಂದಿತು. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಸ್ನಾಯುಗಳ ನಿಷ್ಕ್ರಿಯತೆ ಬಿಡಿಸಲು ನಿಯೋಸ್ಟಿಗ್ಮಿನ್ ಕೊಡುವಾಗ ಅಸಿಟೈಲ್‌ಕೊಲಿನ್‌ಗೆ ತಡೆಯಾಗುವ ಗ್ಲೈಕೊಪೈರೊಲೇಟ್ ಜೊತೆಗೂಡಿಸುವುದರ ಹಿಂದೆಯೂ ಈ ಗುಂಪಿನ ಗ್ರಾಹಕಗಳೇ ಇವೆ: ಹೆಚ್ಚಿದ ಅಸಿಟೈಲ್‌ಕೊಲಿನ್ ಹೃದಯವನ್ನು ನಿಧಾನಗೊಳಿಸದಂತೆ, ಶ್ವಾಸನಾಳವನ್ನು ಬಿಗಿಯದಂತೆ ಕಾಯಬೇಕು.

ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಮಿಲ್ರಿನೋನ್ ಶ್ವಾಸನಾಳಕ್ಕೂ ಒಳ್ಳೆಯದೇ? ಬೈಪಾಸ್ (ಹೃದಯ, ಶ್ವಾಸಕೋಶಗಳ ಕೆಲಸವನ್ನು ಯಂತ್ರ ಮಾಡುವುದು) ಮುಗಿದ ಮೇಲೆ ಒಮ್ಮೊಮ್ಮೆ ಎಲ್ಲವೂ ಒಟ್ಟಿಗೆ ಕೆಡುವುದೇಕೆ?

ಮಿಲ್ರಿನೋನ್ ಸೈಕ್ಲಿಕ್ ಎ.ಎಂ.ಪಿ.ಯನ್ನು ಒಡೆಯುವ ಮೂರನೇ ಬಗೆಯ ಫಾಸ್ಫೊಡೈಎಸ್ಟರೇಸ್ ಕಿಣ್ವವನ್ನು ತಡೆಯುತ್ತದೆ. ಶ್ವಾಸಮಾರ್ಗ ಮೆಚ್ಚುವ ದಾರಿ ಅದೇ ಆದ್ದರಿಂದ ಅಲ್ಲಿಯೂ ಸಡಿಲಿಕೆ ಬರುತ್ತದೆ. ಉಬ್ಬಸದ ಔಷಧಿಯಾದ ಥಿಯೊಫಿಲಿನ್ ಕೆಲಸ ಮಾಡುವ ರೀತಿಗೆ ಇದು ಹತ್ತಿರ. ಆದರೂ ಅದನ್ನು ಕೊಡುವುದು ಹೃದಯಕ್ಕಾಗಿ.

ಎರಡನೆಯ ಪ್ರಶ್ನೆಗೆ ಉತ್ತರ ಹಲವು ಸಲ ಪ್ರೊಟಮಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ನಿನ ಪರಿಣಾಮ ಅಳಿಸಲು ಕೊಡುವ ಇದು ಕೆಲವರಲ್ಲಿ ದೇಹದ ರಕ್ತನಾಳಗಳನ್ನು ಹಿಗ್ಗಿಸಿ ಬಿ.ಪಿ. ಬೀಳಿಸುತ್ತದೆ. ಅಪರೂಪಕ್ಕೆ ಥ್ರಾಂಬಾಕ್ಸೇನ್ ಎಂಬ ನಾಳ ಬಿಗಿಯುವ ವಸ್ತು ಬಿಡುಗಡೆಯಾಗಿ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಬಲ ಹೃದಯ ಉಬ್ಬುತ್ತದೆ, ಶ್ವಾಸನಾಳವೂ ಬಿಗಿಯುತ್ತದೆ. ಆಗ ನೈಟ್ರೋಗ್ಲಿಸರಿನ್ ಹೆಚ್ಚಿಸಿದರೆ ಶ್ವಾಸಕೋಶದ ಒತ್ತಡಕ್ಕಿಂತ ಮೊದಲು ದೇಹದ ಒತ್ತಡ ಕುಸಿಯುತ್ತದೆ. ಪ್ರೊಟಮಿನ್ ನಿಲ್ಲಿಸಬೇಕು, ಅಡ್ರಿನಲಿನ್ ಕೈಯಲ್ಲಿರಬೇಕು, ಸರ್ಜನ್ನರಿಗೆ ತಕ್ಷಣ ಹೇಳಬೇಕು. ಮತ್ತೆ ಹೆಪರಿನ್ ಕೊಟ್ಟು ಬೈಪಾಸ್ ಯಂತ್ರಕ್ಕೆ ಹಿಂದಿರುಗಬೇಕಾಗಬಹುದು. ಅದಕ್ಕಾಗಿಯೇ ಪ್ರೊಟಮಿನ್ನನ್ನು ನಿಧಾನವಾಗಿ ಕೊಡುತ್ತಾರೆ, ಕೊಡಲು ಶುರುಮಾಡಿದ್ದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ.